ಜಿನ್ನಿನ ವಿಳಾಸ

ಜಿನ್ನಿನಾಗ ಬಾಡಿಗಿ ಹಿಡಿದೀನಿ ಅಂದದ್ದಕ್ಕೆ
ನಸ್ರೀನಳ ನಾನಿ ಅವಳ ತೋಳಿಗೆ ತಾಯತ ಕಟ್ಟಿದರು.
ಆ ಜಿನ್ ಅಲ್ಲ ನಾನಿ, ಹತ್ತಿ ಬಿಡಿಸೋ ಜಿನ್,
ರಾಯಚೂರು ಗಂಜಿನ ಹಿಂದೆ, ಹಳಿಯ ಪಕ್ಕ,
ಬಾಗಿಲು ಮುಚ್ಚಿ ಹದಿನಾರು ವರ್ಷ.
ಅಷ್ಟು ವರ್ಷ ಖಾಲಿ ಬಿದ್ದ ಕಡೆ
ಯಾವ ಜಿನ್ ಆದರೇನು, ಅಂದರು ನಾನಿ.
ತಾಯತ ಇವಳಿನ್ನೂ ಬಿಚ್ಚಿಲ್ಲ.

ಕರಾರುಪತ್ರದಲ್ಲಿ ಇದು ಗೋದಾಮು.
ಸಾಮಾನು ಇಡತಕ್ಕದ್ದು, ವಾಸ ಮಾಡತಕ್ಕದ್ದಲ್ಲ.
ಸೂಗೂರೇಶ ಸಾಹುಕಾರರು ಸಹಿ ಮಾಡುತ್ತ
ಕನ್ನಡಕದ ಮೇಲಿಂದ ನೋಡಿ,
"ರಾತ್ರಿ ಏನ್ ಮಾಡ್ತೀರೋ ನನಗ ಗೊತ್ತಿಲ್ಲ" ಅಂದರು.
ಗೊತ್ತಿಲ್ಲದ್ದಕ್ಕೆ ತಿಂಗಳಿಗೆ ಐನೂರು ಹೆಚ್ಚು.

ಹಾಗಾಗಿ ನಾವು ಸಾಮಾನು.
ತೂಕದ ಕಟ್ಟೆಯ ಮೇಲೆ ತಾಯಪ್ಪನ ಹಾಸಿಗೆ;
ಮುಳ್ಳು ಇನ್ನೂ ಆಡುತ್ತದೆ, ನಡುರಾತ್ರಿ ಮಗ್ಗಲು ಬದಲಿಸಿದರೆ
ಎಪ್ಪತ್ತೊಂದು, ಅರವತ್ತೊಂಬತ್ತು, ಎಪ್ಪತ್ತೊಂದು.
ನಸ್ರೀನ್ ಮುನೀಮರ ಜಾಲರಿ ಕೋಣೆಯಲ್ಲಿ,
ಪಗಾರ ಕೊಡುತ್ತಿದ್ದ ಕಿಂಡಿಯಿಂದ ಚಹಾ ಕೊಡುತ್ತಾಳೆ.
ನಾನು ಅಟ್ಟದಲ್ಲಿ, ತಗಡಿಗೆ ತಲೆ ತಾಗುವಲ್ಲಿ.
ಏಪ್ರಿಲ್‌ನಲ್ಲಿ ಬಣ್ಣ ಟ್ಯೂಬಿನೊಳಗೇ ಬೆವರುತ್ತದೆ.
ಒದ್ದೆ ಗೋಣಿ ಸುತ್ತಿಕೊಂಡು ಬಿದ್ದರೆ
ನಾನೂ ಒಂದು ಅಂಡಿಗೆ.

ಮುನ್ಸಿಪಾಲ್ಟಿಯವರು ಬಂದ ದಿನ
ಸ್ಟೋವು, ಬೋಗುಣಿ, ಬೇಯುತ್ತಿದ್ದ ಬೇಳೆ
ತಾಯಪ್ಪನ ಕಬ್ಬಿಣದ ಎಮ್ಮೆಯ ಹೊಟ್ಟೆ ಸೇರಿದವು.
(ಆ ಮಗ್ಗಲು ಇನ್ನೂ ಬೆಸೆದಿರಲಿಲ್ಲ, ಪುಣ್ಯ.)
"ಇಲ್ಲೇ ಮಲಗ್ತೀರೇನ್ರಿ?"
"ಇಲ್ರಿ ಸಾಹೇಬ್ರ, ನಿದ್ದೀನೇ ಬರೂದಿಲ್ಲ."
ಅದೇನೂ ಸುಳ್ಳಲ್ಲ.
ಎಮ್ಮೆಗೆ ಒಂದು ಸುತ್ತು ಹಾಕಿ, ಎಷ್ಟು ಲೀಟರ್ ಕೊಡ್ತದ
ಎಂದು ನಕ್ಕು ಹೋದರು. ಅದರ ಮೂಗಿನಿಂದ
ಬೇಳೆಯ ಉಗಿ ಬರುತ್ತಲೇ ಇತ್ತು.

ನನ್ನ ತಕರಾರು ಒಂದೇ, ಎಳೆ.
ರೈಲು ಹೋದಾಗಲೆಲ್ಲ ತೊಲೆ ನಡುಗಿ
ಹಳೆಯ ಅರಳೆ ಉದುರುತ್ತದೆ,
ಹುಡುಕಿಕೊಂಡು ಬಂದು ಹಸಿ ಬಣ್ಣದ ಮೇಲೇ ಕೂರುತ್ತದೆ.
ನಾನು ಬರೆದ ಆಕಾಶಕ್ಕೆಲ್ಲ ಕೂದಲು.
ಚಾದರ ಕಟ್ಟಿದೆ, ಬೈದೆ, ಚಿಮಟದಲ್ಲಿ ಹೆಕ್ಕಿ ಹೆಕ್ಕಿ
ಬ್ರೆಡ್ಡಿನ ಕವರಿನಲ್ಲಿ ತುಂಬಿಟ್ಟೆ.

ಒಂದು ಸಂಜೆ ಹುಲಿಗೆಮ್ಮ ಬಂದಳು,
ಸೆರಗಲ್ಲಿ ಹಳೇ ಹಾಜರಿ ಚೀಟಿ ಗಂಟು ಹಾಕಿಕೊಂಡು.
"ಲೈಟು ಕಂಡ್ತು. ಜಿನ್ ಚಾಲೂ ಆತೇನೋ ಅಂತ ಬಂದೆ."
ಯಂತ್ರಗಳಿಲ್ಲದ ನೆಲದ ಮೇಲೆ
ಇರುವ ಯಂತ್ರಗಳನ್ನು ಬಳಸಿ ನಡೆಯುವಂತೆ ನಡೆದಳು,
ಏಳನೆಯದರ ಮುಂದೆ ನಿಂತಳು.
"ಇಲ್ಲೇ ದುಡಿದ್ವಿ, ಇಲ್ಲೇ ಉಂಡ್ವಿ,
ಸೀಜನ್ನಿನ್ಯಾಗ ಇಲ್ಲೇ ಬಿದ್ಕೊಂತಿದ್ವಿ.
ಬಾಡಿಗಿ ಮಾತ್ರ ಕೊಡ್ತಿದ್ದಿಲ್ಲ ನೋಡವಾ."
ಕೂಸನ್ನು ಶನಿವಾರ ಶನಿವಾರ ಅದೇ ಕಟ್ಟೆಗೆ ಹಾಕಿ ತೂಗುತ್ತಿದ್ದಳಂತೆ,
ಮುನೀಮ ಉಣ್ಣಲು ಹೋದ ಹೊತ್ತು ನೋಡಿ.

ನನ್ನ ಆಕಾಶದಿಂದ ಒಂದು ಎಳೆ ಕಿತ್ತು
ಬೆರಳಲ್ಲಿ ಹೊಸೆದು, ದೀಪಕ್ಕೆ ಹಿಡಿದಳು:
"ಉದ್ದೆಳಿ. ಡೀಸೀಎಚ್ಚು. ಛಲೋ ಮಾಲು."
ಆಮೇಲೆ ಕೆಮ್ಮಿದಳು. ಬಹಳ ಹೊತ್ತು ಕೆಮ್ಮಿದಳು.
ನಸ್ರೀನ್ ಕಿಂಡಿಯಿಂದ ನೀರು ಚಾಚಿದಾಗ
ಅಭ್ಯಾಸಬಲದಿಂದ ಹೆಬ್ಬೆಟ್ಟು ಮುಂದೆ ಹೋಯಿತು.

"ಮತ್ತ, ಕೆಲಸ ಐತೇನು?"
ನಾವು ಮೂವರೂ ಎಮ್ಮೆಯನ್ನು ನೋಡಿದೆವು.

ಅವಳು ಹೋದ ಮೇಲೆ
ಬ್ರೆಡ್ಡಿನ ಕವರನ್ನು ತೂಕದ ಕಟ್ಟೆಗಿಟ್ಟೆ,
ಒಂಬತ್ತು ತಿಂಗಳು ಹೆಕ್ಕಿದ್ದು ಅಷ್ಟೂ.
ಮುಳ್ಳು ಅಲುಗಲಿಲ್ಲ.
ಗುಂತಕಲ್ಲಿನ ಕಡೆಯಿಂದ ಗೂಡ್ಸು ಬಂತು,
ಆಗ ಚೂರು ಅಲುಗಿತು.